ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರೆ ಸಂಶೋಧನೆ ಯಾರದಾಗುತ್ತದೆ?

ಪ್ರಶ್ನೆ: ನಾನು ಬೆಟಗೇರಿಯವಳು. ಗದುಗಿನ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ನಮ್ಮದು ನೇಕಾರರ ಮನೆತನ, ಲಿಂಗಾಯತರು. ಬೆಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಯವರು ನಡೆಸುವ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಪಾರ್ಟ್-ಟೈಮ್ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೇನೆ, ಸಂದರ್ಶನ ಮುಗಿದಿದೆ. ನನ್ನ ವಿಷಯ, 1876–78ರ ಬರಗಾಲದ ಹೊತ್ತಿಗೆ ಗದಗ-ಬೆಟಗೇರಿ ಸುತ್ತಮುತ್ತ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಸೇರಿದ ಕುಟುಂಬಗಳು. ‘ನಿಮ್ಮ ಸಂಶೋಧನೆ ನಮ್ಮ ಸಂಸ್ಥೆಯ ಧ್ಯೇಯಕ್ಕೆ ಹೇಗೆ ಹೊಂದುತ್ತದೆ’ ಎಂದು ಒಂದು ಪುಟ ಬರೆದುಕೊಡಲು ಹೇಳಿದ್ದಾರೆ. ಅಲ್ಲಿ ಕೈ ನಿಂತಿದೆ. ‘ಮೊದಲ ಸಹಿ ಮಾಡಿಸ್ಕೋತಾರ, ಆಮ್ಯಾಲೆ ನಿಮ್ಮ ದೇವರು ಬಿಡ್ರಿ ಅಂತಾರ, ಬ್ಯಾಡವ್ವಾ’ ಅಂತಾರೆ ಅಪ್ಪ. ದೇವರ ಹೆಸರಿನ ಸಂಸ್ಥೆಯಲ್ಲಿ ನಡೆಯುವುದು ಸಂಶೋಧನೆಯಲ್ಲ, ಪ್ರಚಾರ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಜನ ಹೊಟ್ಟೆಗಾಗಿ ಮತ ಬದಲಿಸಿದರು ಎಂಬುದಕ್ಕೆ ಸಾಕ್ಷ್ಯ ಸಿಕ್ಕರೆ ಪ್ರಬಂಧ ತಡೆಯುತ್ತಾರೆಯೇ? ಸಿಗದಿದ್ದರೆ ನಮ್ಮ ಮಂದಿಗೆ ಏನು ಹೇಳಲಿ? ನನ್ನ ತಂಗಿ ಬಯೊಟೆಕ್ನಾಲಜಿ ಎಂ.ಎಸ್ಸಿ. ಮುಗಿಸಿ ಅಲ್ಲಿಗೇ ಅರ್ಜಿ ಹಾಕುವವಳಿದ್ದಾಳೆ, ಅವಳಿಗೂ ಇದೇ ಅಳುಕು.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದೇ ಗಂಟಾಗಿವೆ. ತಂದೆಯವರ ಚಿಂತೆ ಕಾನೂನಿನದು, ಸಹೋದ್ಯೋಗಿಯ ಆಕ್ಷೇಪ ಸಂಶೋಧನಾ ವಿಧಾನದ್ದು. ‘ನಮ್ಮ ಮಂದಿಗೆ ಏನು ಹೇಳಲಿ’ ಎಂಬುದು ನಿಮ್ಮದೇ. ಮೊದಲನೆಯದು ಬೇಗ ಮುಗಿಯುತ್ತದೆ, ಕೊನೆಯದು ಪ್ರಬಂಧ ಮುಗಿದ ಮೇಲೂ ಉಳಿಯಬಹುದು.

ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಿಕ್ಷಣ ಸಂಸ್ಥೆಯೂ ವಿದ್ಯಾರ್ಥಿಯನ್ನು ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ವಿದ್ಯಾರ್ಥಿಯ ಮನಸ್ಸಾಕ್ಷಿಯ ಮೇಲೆ ಹಕ್ಕು ಕೊಡುವುದಿಲ್ಲ. ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಿಗೆಂದು ಪೋಪ್ ಎರಡನೇ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ನಿಯಮಾವಳಿಯೂ ಪ್ರತಿ ಶಾಸ್ತ್ರಕ್ಕೆ ಅದರದೇ ವಿಧಾನ ಉಂಟು ಎಂದು ಒಪ್ಪುತ್ತದೆ, ಅನ್ಯಮತೀಯರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಮಾನ್ಯ ಮಾಡುತ್ತದೆ. ಅದೇ ನಿಯಮಾವಳಿ ಅಧ್ಯಾಪಕರಲ್ಲಿ ಕ್ಯಾಥೊಲಿಕರಲ್ಲದವರು ಬಹುಸಂಖ್ಯಾತರಾಗಬಾರದು ಎಂದೂ ಹೇಳುತ್ತದೆ ಅನ್ನಿ. ಅದು ನೇಮಕಾತಿಯ ಮಾತು, ಸಂಶೋಧನಾ ವಿದ್ಯಾರ್ಥಿಗೆ ತಗಲುವುದಿಲ್ಲ.

ಸಹಿ ಮಾಡಿಸಿಕೊಳ್ಳುತ್ತಾರೆ ಎಂಬ ಮಾತಿಗೂ ಒಂದು ಮೂಲ ಇದೆ. ಅಮೆರಿಕದ ಕೆಲವು ಇವ್ಯಾಂಜೆಲಿಕಲ್ ಕಾಲೇಜುಗಳಲ್ಲಿ, ಉದಾಹರಣೆಗೆ ಇಲಿನಾಯ್ಸ್‌ನ ವೀಟನ್‌ನಲ್ಲಿ, ಅಧ್ಯಾಪಕರು ಪ್ರತಿ ವರ್ಷ, ಇಂಥ ತತ್ವಗಳನ್ನು ನಂಬುತ್ತೇನೆ ಎಂಬ ವಿಶ್ವಾಸ ಪ್ರಕಟಣೆಗೆ ಸಹಿ ಹಾಕುತ್ತಾರೆ. ಆ ಪದ್ಧತಿಯನ್ನು ಎಲ್ಲೋ ಓದಿದವರು ಎಲ್ಲ ಕ್ರೈಸ್ತ ವಿಶ್ವವಿದ್ಯಾಲಯಕ್ಕೂ ಹಚ್ಚುತ್ತಾರೆ. ನಿಮ್ಮಿಂದ ಕೇಳಿರುವುದು ಧ್ಯೇಯದ ಪುಟ, ವಿಶ್ವಾಸ ಪ್ರಕಟಣೆಯಲ್ಲ. ಆದರೂ ಪ್ರವೇಶದ ದಿನ ಕೊಡುವ ಮುಚ್ಚಳಿಕೆಯನ್ನು ಅಲ್ಲೇ ನಿಂತು ಸಹಿ ಮಾಡಬೇಡಿ. ಮನೆಗೆ ತಂದು ತಂದೆಯವರ ಮುಂದೆ ಓದಿ. ಅದರಲ್ಲಿ ಇರುವುದು ಬಹುಪಾಲು ಹಾಜರಿ, ಕೃತಿಚೌರ್ಯ, ಶುಲ್ಕದ ಮಾತೇ.

ನಿಜವಾಗಿ ನೋಡಬೇಕಾದ ಕಾಗದ ಬೇರೆ, ಮಾನ್ಯತೆಯದು. ಡೀಮ್ಡ್ ಆದರೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 3ನೇ ಕಲಮಿನಡಿ ಘೋಷಣೆಯಾಗಿರಬೇಕು, ಯುಜಿಸಿ ಪಟ್ಟಿಯಲ್ಲಿ ಹೆಸರಿರಬೇಕು. ಬಂಗಾಳದ ಸೆರಾಂಪುರ ಕಾಲೇಜಿನ ದಾರಿ ಬೇರೆ. 1827ರ ಡೆನ್ಮಾರ್ಕ್ ರಾಜಶಾಸನ ಮತ್ತು 1918ರ ಕಾಯ್ದೆಯ ಬಲದಿಂದ ಅದು ದೇವತಾಶಾಸ್ತ್ರದ ಪದವಿ ಕೊಡುತ್ತದೆ. ಪದವಿ ಗಟ್ಟಿಯಾದದ್ದೇ, ಆದರೆ ನಿಮ್ಮ ಇತಿಹಾಸ ಅಧ್ಯಾಪಕ ವೃತ್ತಿಗೆ ಒದಗುವುದಿಲ್ಲ. ಇವೆರಡೂ ಅಲ್ಲದೆ, ಬೈಬಲ್ ಕಾಲೇಜಿನ ಬೋರ್ಡು ಹಾಕಿ ಹೋಟೆಲ್ ಹಾಲಿನಲ್ಲಿ ಶಾಲು ಹೊದಿಸಿ ಡಾಕ್ಟರೇಟ್ ಹಂಚುವವರೂ ಇದ್ದಾರೆ. ತಂದೆಯವರು ಹೆದರಬೇಕಾದದ್ದು ಅಂಥವರಿಗೆ. ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ ಎಂಬುದು 2022ರ ಯುಜಿಸಿ ನಿಯಮ.

ಸಹೋದ್ಯೋಗಿಯ ಮಾತಿಗೆ ಬರೋಣ. ನಂಬಿಕೆಯುಳ್ಳವರು ಮಾಡಿದ್ದು ಸಂಶೋಧನೆಯಲ್ಲ ಎಂದರೆ ಧಾರವಾಡದ ಗ್ರಂಥಾಲಯಗಳ ಅರ್ಧ ಕಪಾಟು ಖಾಲಿ ಮಾಡಬೇಕಾದೀತು. ಕಿಟೆಲ್ಲರ 1894ರ ಕನ್ನಡ-ಇಂಗ್ಲಿಷ್ ಕೋಶ ಪಾದ್ರಿಯೊಬ್ಬರ ಕೆಲಸ. ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಅಚ್ಚಿಗೆ ಕೊಟ್ಟವರು ಧಾರವಾಡದಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಸಭಾಪಾಲಕ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಬನವಾಸಿ, ಹಾನಗಲ್ಲು, ಗೋವೆಯ ಕದಂಬರ ಮೇಲೆ 1931ರಲ್ಲಿ ಬಂದ, ಹಾವೇರಿ ಜಿಲ್ಲೆಯ ಇತಿಹಾಸ ಬರೆಯುವವರು ಇಂದೂ ತೆರೆಯುವ ಗ್ರಂಥ ಜಾರ್ಜ್ ಮೊರಾಯಿಸ್ ಅವರದು. ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಜೆಸ್ವಿಟ್ ಪಾದ್ರಿ ಹೆನ್ರಿ ಹೆರಾಸ್ ಕೈಯಲ್ಲಿ ಪಳಗಿದವರು.

ಈ ಹೆಸರುಗಳಿಂದ ‘ನಂಬಿಕೆಯಿಂದ ಏನೂ ತೊಂದರೆಯಿಲ್ಲ’ ಎಂದು ಸಾಬೀತಾಗುವುದಿಲ್ಲ. ನಂಬಿಕೆ ಕೆಲಸದ ಯಾವ ಹಂತದಲ್ಲಿ ಕೈ ಹಾಕಿತು ಎಂಬುದು ಮುಖ್ಯ. ಯಾವ ವಿಷಯ ಎತ್ತಿಕೊಳ್ಳಬೇಕು, ಯಾಕೆ ಎತ್ತಿಕೊಳ್ಳಬೇಕು ಎಂಬಲ್ಲಿ ಕೈ ಹಾಕಿದರೆ ತಪ್ಪಿಲ್ಲ. ಮಾರ್ಕ್ಸ್‌ವಾದಿಯೂ ಸ್ತ್ರೀವಾದಿಯೂ ಹಾಗೆಯೇ ವಿಷಯ ಆರಿಸುತ್ತಾರೆ. ಸಾಕ್ಷ್ಯ ತೂಗುವ ಕಡೆ ಕೈ ಹಾಕಿದರೆ ಕೆಲಸ ಕೆಟ್ಟಿತು. ಜಾರ್ಜ್ ಲೆಮೆತ್ರ್ ಕ್ಯಾಥೊಲಿಕ್ ಪಾದ್ರಿ, ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಮಾಡಿ ತೋರಿಸಿದವರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅದನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದಾಗ ಮೊದಲು ಕಸಿವಿಸಿಪಟ್ಟವರು ಲೆಮೆತ್ರ್ ಅವರೇ. ನನ್ನ ಸಿದ್ಧಾಂತ ಆಸ್ತಿಕ-ನಾಸ್ತಿಕ ಪ್ರಶ್ನೆಯ ಹೊರಗಿನದು ಎಂಬುದು ಅವರ ನಿಲುವಾಗಿತ್ತು.

ಇನ್ನೊಂದು ಉದಾಹರಣೆ ದುಡ್ಡಿನದು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಮೇಲೆ, ಪರರು ಮಾಡುವ ಪ್ರಾರ್ಥನೆಯಿಂದ ಗುಣವಾಗುವುದುಂಟೇ ಎಂದು ಅಮೆರಿಕದಲ್ಲಿ ಪರೀಕ್ಷೆ ನಡೆಯಿತು. ಹಣದ ಬಹುಪಾಲು ಧರ್ಮದ ಬಗ್ಗೆ ಒಲವುಳ್ಳ ಟೆಂಪಲ್ಟನ್ ಪ್ರತಿಷ್ಠಾನದ್ದು. 2006ರಲ್ಲಿ ಫಲಿತಾಂಶ ಬಂತು, ಪ್ರಾರ್ಥನೆಯಿಂದ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಗೊತ್ತಿದ್ದವರಲ್ಲಿ ತೊಡಕು 59 ಶೇಕಡಾ, ಗೊತ್ತಿಲ್ಲದವರಲ್ಲಿ 51–52. ಹಣ ಕೊಟ್ಟವರಿಗೆ ರುಚಿಸದ ಫಲಿತಾಂಶವೂ ಅಚ್ಚಾಯಿತು, ಯಾಕೆಂದರೆ ವಿಧಾನ ಮೊದಲೇ ಬರೆದಿಟ್ಟಿತ್ತು, ಯಾರು ಯಾವ ಗುಂಪು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗಿತ್ತು. ನಿಮ್ಮನ್ನು ಕಾಪಾಡುವುದೂ ಇಂಥದೇ, ಮೊದಲೇ ಬರೆದಿಟ್ಟ ವಿಧಾನ.

ನಿಮ್ಮ ವಿಷಯದಲ್ಲಿ ಅದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಎತ್ತಿಕೊಂಡಿರುವುದು ಸುಲಭದ ವಿಷಯವಲ್ಲ.

ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಂದರೆ ಬರಗಾಲಕ್ಕೆ ಮೂವತ್ತೈದು ವರ್ಷ ಮೊದಲೇ ನಿಮ್ಮ ಊರಲ್ಲಿ ಮಿಷನ್ ಇತ್ತು. ಬರಗಾಲದ ಎರಡು ವರ್ಷವನ್ನಷ್ಟೇ ಕತ್ತರಿಸಿ ನೋಡಿದರೆ ಎಲ್ಲವೂ ಬರಗಾಲದ ಫಲವಾಗಿಯೇ ಕಾಣುತ್ತದೆ. ಕಡಿಮೆಯೆಂದರೆ 1866ರಿಂದ 1886ರವರೆಗಿನ ದೀಕ್ಷಾಸ್ನಾನದ ದಾಖಲೆ ತೆಗೆಯಿರಿ. ರಿಜಿಸ್ಟರಿನಿಂದ ದಿನಾಂಕ, ವಯಸ್ಸು, ಊರು, ಹಿಂದಿನ ಜಾತಿ, ಒಬ್ಬರೇ ಬಂದರೋ ಮನೆಮಂದಿಯೆಲ್ಲ ಬಂದರೋ ಎಂಬುದನ್ನು ಬರೆದುಕೊಂಡು ತಿಂಗಳವಾರು ಕೋಷ್ಟಕ ಮಾಡಿ. ಅನಾಥಾಲಯದ ಮಕ್ಕಳನ್ನು ಬೇರೆ ಕಾಲಮ್ಮಿನಲ್ಲಿಡಿ. ಮಗುವಿನ ದೀಕ್ಷೆಯನ್ನೂ ದೊಡ್ಡವರ ದೀಕ್ಷೆಯನ್ನೂ ಕೂಡಿಸಿ ಎಣಿಸಿದರೆ ಇಡೀ ವಾದ ಕುಸಿಯುತ್ತದೆ, ಈ ತಪ್ಪು ಬಹಳ ಕಡೆ ಆಗುತ್ತದೆ.

ಪಕ್ಕದಲ್ಲಿ ಜೋಳದ ಧಾರಣೆ ಬೇಕು. ಅದಕ್ಕೆ 1884ರ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟ ನೋಡಿ. ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಧಾರಣೆಯನ್ನು ರೂಪಾಯಿಗೆ ಇಷ್ಟು ಪೌಂಡು ಅಥವಾ ಸೇರು ಕಾಳು ಎಂದು ಬರೆಯುತ್ತಾರೆ. ಅಂಕಿ ಇಳಿದರೆ ಬೆಲೆ ಏರಿತೆಂದು ಅರ್ಥ. ಇದನ್ನು ತಿರುಗಿಸದೆ ನಕ್ಷೆ ಹಾಕಿದರೆ ತೀರ್ಮಾನ ತಲೆಕೆಳಗಾಗುತ್ತದೆ.

ಇನ್ನೊಂದು ಬಲೆ ಕಾಲದ್ದು. ಮಿಷನ್ನಿನವರು ಬಂದವರಿಗೆ ಅಂದೇ ನೀರು ಹಾಕುತ್ತಿರಲಿಲ್ಲ. ದೊಡ್ಡವರಿಗೆ ತಿಂಗಳುಗಟ್ಟಲೆ ಪಾಠ, ಆಮೇಲೆ ದೀಕ್ಷೆ. ಹಾಗಾಗಿ 1878ರ ಕೊನೆಗೋ 1879ಕ್ಕೋ ದೀಕ್ಷೆಯ ಸಂಖ್ಯೆ ಏರಿದ್ದರೆ, ‘ಬರಗಾಲ ಮುಗಿದ ಮೇಲೆ ಬಂದವರು, ಹೊಟ್ಟೆಗಾಗಿ ಬಂದವರಲ್ಲ’ ಎನ್ನಲೂ ಬರುವುದಿಲ್ಲ. ಮೊದಲ ಬಾರಿ ಮಿಷನ್ ಬಾಗಿಲಿಗೆ ಬಂದ ತಿಂಗಳು ಯಾವುದು ಎಂದು ವರದಿಗಳಲ್ಲಿ ಹುಡುಕಬೇಕು. ಬಿಟ್ಟು ಹೋದವರನ್ನೂ ಹುಡುಕಿ. ಬಾಸೆಲ್ ಮಿಷನ್ನಿನ ಶಿಸ್ತು ಬಿಗಿಯಾಗಿತ್ತು, ಸಭೆಯಿಂದ ಹೊರಹಾಕಿದವರ ಲೆಕ್ಕ ವಾರ್ಷಿಕ ವರದಿಗಳಲ್ಲಿ ಸಿಗುತ್ತದೆ. ಮಳೆ ಬಂದ ಮೇಲೂ ಎಷ್ಟು ಮನೆ ಉಳಿದವು ಎಂಬ ಅಂಕಿ, ಸೇರಿದವರ ಅಂಕಿಗಿಂತ ಹೆಚ್ಚು ಮಾತಾಡುತ್ತದೆ.

ಇಷ್ಟಾದ ಮೇಲೂ ‘ಹೊಟ್ಟೆಗಾಗಿ’ ಅಥವಾ ‘ಮನಸ್ಸು ತಿರುಗಿ’ ಎಂದು ನೀವು ತೀರ್ಪು ಕೊಡಲಾರಿರಿ. ಯಾವ ರಿಜಿಸ್ಟರಿನಲ್ಲೂ ಕಾರಣದ ಕಾಲಮ್ಮಿಲ್ಲ. ಮಿಷನರಿ ದೈವಕೃಪೆ ಎಂದು ಬರೆದ, ಏಕೆಂದರೆ ವರದಿ ಓದಿ ಕಾಣಿಕೆ ಕೊಡುವವರು ಜರ್ಮನಿ, ಸ್ವಿಟ್ಜರ್ಲೆಂಡಿನ ಭಕ್ತರು. ಊರಿನವರು ಗಂಜಿಗಾಗಿ ಹೋದರು ಎಂದರು, ಏಕೆಂದರೆ ಹೋದವರ ಮೇಲೆ ಸಿಟ್ಟಿತ್ತು. ಎರಡೂ ಸಾಕ್ಷ್ಯವೇ, ಹೇಳಿದವರ ಬಗ್ಗೆ. ಹಸಿದವನಿಗೆ ಅನ್ನವೂ ಬೇಕು, ಮರ್ಯಾದೆಯೂ ಬೇಕು. ಎರಡನ್ನೂ ಒಂದೇ ಬಾಗಿಲಲ್ಲಿ ಕಂಡ ಮನುಷ್ಯ ಯಾವುದಕ್ಕಾಗಿ ಒಳಗೆ ಹೋದ ಎಂದು ಒಂದೂವರೆ ಶತಮಾನ ಆದಮೇಲೆ ಬೇರ್ಪಡಿಸಲಿಕ್ಕೆ ಬರುವುದಿಲ್ಲ. ಯಾರು, ಯಾವಾಗ, ಯಾವ ಸ್ಥಿತಿಯಲ್ಲಿ, ಎಷ್ಟು ದಿನ ಎಂಬುದನ್ನು ಗಟ್ಟಿಯಾಗಿ ಹೇಳಿದರೆ ಒಳ್ಳೆಯ ಪ್ರಬಂಧವಾಗುತ್ತದೆ.

ಮೂಲಗಳು ಒಂದೇ ಕಡೆಯವಾದರೆ ಪ್ರಬಂಧವೂ ಒಂದೇ ಕಡೆ ವಾಲುತ್ತದೆ. ನನ್ನ ಅನುಭವದಲ್ಲಿ ಇಂಥ ಸಂಶೋಧನೆ ಕೆಡುವುದು ಆಡಳಿತದ ಒತ್ತಡಕ್ಕಿಂತ ಹೆಚ್ಚಾಗಿ ಇದರಿಂದ. ಮಿಷನ್ ಚೆನ್ನಾಗಿ ದಾಖಲೆ ಇಟ್ಟಿತು, ಉಳಿದವರು ಇಡಲಿಲ್ಲ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರ ನಿಮಗೆ ಬೇಕೇ ಬೇಕು. ಹಳೆಯ ಫೋಟೊ, ನಕ್ಷೆಗಳು ಅಂತರ್ಜಾಲದಲ್ಲೂ ಇವೆ. ಅದರ ಎದುರಿಗೆ ಕಲೆಕ್ಟರರ ಬರಗಾಲ ಕಡತ ಇಡಿ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಮುಂಬಯಿಯ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಕೆಳಹಂತದ ಕಾಗದ ಮೋಡಿ ಎಂಬ ಹಳೆಯ ಓಡುಬರಹದ ಮರಾಠಿಯಲ್ಲಿರಬಹುದು. ಮಠಗಳ ಲೆಕ್ಕದ ವಹಿ, ಬೆಟಗೇರಿಯ ಸಾಹುಕಾರರ ಮನೆಯ ಕೈಗಡ ಸಾಲದ ಪುಸ್ತಕ ಉಳಿದಿದ್ದರೆ ಅವು ಚಿನ್ನ. ಅದನ್ನು ಬೆಂಗಳೂರಿನ ಯಾವ ಮಾರ್ಗದರ್ಶಕರೂ ತಂದುಕೊಡಲಾರರು. ನಿಮ್ಮ ಮನೆತನದ ಪರಿಚಯವೇ ಅಲ್ಲಿ ಬಾಗಿಲು ತೆರೆಯಬೇಕು.

ಸಭೆಯ ರಿಜಿಸ್ಟರು ನೋಡಲು ಸಭಾಪಾಲಕರ ಬಾಯಿಮಾತಿನ ಒಪ್ಪಿಗೆ ಸಾಲದು. ಧಾರವಾಡದಲ್ಲಿರುವ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಕರ್ನಾಟಕ ಸಭಾಪ್ರಾಂತದ ಕಚೇರಿಯಿಂದ ಲಿಖಿತ ಅನುಮತಿ ತನ್ನಿ, ಫೋಟೊ ತೆಗೆಯಬಹುದೇ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ಆ ಪುಟಗಳಲ್ಲಿ ಇಂದು ಅದೇ ಓಣಿಯಲ್ಲಿ ಬಾಳುತ್ತಿರುವವರ ಮುತ್ತಜ್ಜನ ಜಾತಿ ಬರೆದಿರುತ್ತದೆ. ಹೆಸರು ಬದಲಿಸಿ, ಮನೆತನ ಗುರುತಾಗದಂತೆ ಬರೆಯಿರಿ. ಸಂದರ್ಶನ ಮಾಡುವುದಾದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಮಂಜೂರಾತಿ ಮೊದಲೇ ಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು.

ತಡೆಯುತ್ತಾರೆಯೇ ಎಂದು ಕೇಳಿದ್ದೀರಿ. ಪ್ರಬಂಧವನ್ನು ಮಾರ್ಗದರ್ಶಕರ ಜೊತೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು, ಅವರು ಆ ಸಂಸ್ಥೆಯ ನೌಕರರಾಗಿರಬಾರದು. ಒಬ್ಬರು ತಿರಸ್ಕರಿಸಿದರೆ ಮತ್ತೊಬ್ಬ ಪರೀಕ್ಷಕರಿಗೆ ಕಳಿಸಬೇಕು. ಪದವಿ ಪ್ರಕಟವಾಗುವ ಮುನ್ನ ಪ್ರತಿ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ಗೆ ಹೋಗುತ್ತದೆ, ಅದರ ಪ್ರಬಂಧ ಭಂಡಾರ ಶೋಧಗಂಗಾದಲ್ಲಿ ಯಾರು ಬೇಕಾದರೂ ಓದಬಹುದು. ಅಂದಮೇಲೆ ಸಲ್ಲಿಸಿದ ಪ್ರಬಂಧವನ್ನು ಮುಚ್ಚಿಡುವುದು ಕಷ್ಟ. ಸಲ್ಲಿಸಲು ಬಿಡದೆ ಎಳೆಯುವುದು ಸುಲಭ. ‘ಈ ಅಧ್ಯಾಯ ಇನ್ನೂ ಮಾಗಬೇಕು’ ಎಂಬ ಮಾತಿನಲ್ಲೇ ವರ್ಷ ಕಳೆದುಹೋಗುತ್ತದೆ, ಇದು ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಆಗುತ್ತದೆ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಒಪ್ಪಿಸಬೇಕೆಂಬ ನಿಯಮವೇ ಇದಕ್ಕೆ ನಿಮ್ಮ ಗುರಾಣಿ. ಸಮಿತಿಯ ಸಲಹೆಗಳನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಕೋಷ್ಟಕವನ್ನು ಹೇಗೆ ಮಾಡುತ್ತೇನೆ, ಯಾವ ಅಂಕಿ ಬಂದರೆ ಏನೆಂದು ಓದುತ್ತೇನೆ ಎಂಬುದನ್ನು ರಿಜಿಸ್ಟರು ತೆರೆಯುವ ಮುಂಚೆಯೇ ರೂಪುರೇಷೆಯಲ್ಲಿ ಬರೆದು ಸಮಿತಿಯ ಒಪ್ಪಿಗೆ ಪಡೆಯಿರಿ. ಆಮೇಲೆ ಯಾರಿಗೂ, ನಿಮಗೂ, ಅಳತೆಗೋಲು ಬದಲಿಸಲು ಬರುವುದಿಲ್ಲ.

ನಿಮಗೂ ಎಂದೆ. ಜಂಗಮರನ್ನು, ಲಿಂಗಪೂಜೆಯನ್ನು ಹೀಯಾಳಿಸುವ ಸಾಲುಗಳು ಆ ವರದಿಗಳಲ್ಲಿ ಬರುತ್ತವೆ. ಓದುವಾಗ ರಕ್ತ ಕುದಿಯುವುದು ಸಹಜ. ಆ ಸಿಟ್ಟು ಅಧ್ಯಾಯದೊಳಗೆ ನುಸುಳಿದರೆ ಪರೀಕ್ಷಕರು ಮೊದಲ ಓದಿನಲ್ಲೇ ಹಿಡಿಯುತ್ತಾರೆ. ಸ್ವಂತ ಸಮುದಾಯ ಕೊಡುವ ಪೆಟ್ಟು ಪರರ ಸಂಸ್ಥೆಯ ಪೆಟ್ಟಿಗಿಂತ ಕಡಿಮೆಯೇನಲ್ಲ ಎಂಬುದನ್ನು ಧಾರವಾಡಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಬರಹದ ಭಾಗಗಳನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದದ್ದು ತಮ್ಮವರ ಒತ್ತಡಕ್ಕೆ. ಅವರು ಇದ್ದದ್ದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ.

ಇನ್ನು ಆ ಒಂದು ಪುಟ. ಇಲ್ಲದ ಭಕ್ತಿ ತೋರಿಸಬೇಡಿ, ಸವಾಲಿನ ದನಿಯೂ ಬೇಡ. ಸಂಸ್ಥೆಯ ಧ್ಯೇಯವಾಕ್ಯದಲ್ಲಿ ಸತ್ಯ, ಮನುಷ್ಯನ ಘನತೆ, ಬಡವರ ಸೇವೆ ಇಂಥ ಮಾತು ಯಾವುದಾದರೂ ಇದ್ದೇ ಇರುತ್ತದೆ. ಅದರಲ್ಲಿ ನೀವು ಮನಸಾರೆ ಒಪ್ಪುವ ಒಂದನ್ನು ಹಿಡಿಯಿರಿ. ಹೀಗೆ ಬರೆಯಬಹುದು: ‘ಬರಗಾಲದಲ್ಲಿ ಬದುಕುಳಿದ ಬಡ ಕುಟುಂಬಗಳು ತೆಗೆದುಕೊಂಡ ನಿರ್ಧಾರವನ್ನು ಅವರ ಪರಿಸ್ಥಿತಿಯೊಳಗಿಟ್ಟು ನೋಡುವುದು ಈ ಅಧ್ಯಯನದ ಉದ್ದೇಶ. ನಾನು ಲಿಂಗಾಯತಳು, ಅದೇ ಊರಿನವಳು. ಮಿಷನ್ ದಾಖಲೆಗಳನ್ನೂ ಮಿಷನ್ನಿನಾಚೆಯ ದಾಖಲೆಗಳನ್ನೂ ಒಂದೇ ಅಳತೆಯಲ್ಲಿ ಪರೀಕ್ಷಿಸುತ್ತೇನೆ.’ ಇದೇ ಮಾತನ್ನು ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಒಂದು ಪುಟಕ್ಕೆ ಬೆಳೆಸಿ ಅಲ್ಲಿಗೇ ನಿಲ್ಲಿಸಿ. ಪ್ರತಿ ಅಧ್ಯಾಯದ ಕೊನೆಗೆ ‘ಲಿಂಗಾಯತಳಾಗಿ ನನಗನ್ನಿಸುವುದು’ ಎಂದು ಸೇರಿಸುತ್ತ ಹೋದರೆ ಓದುವವರಿಗೆ ಬೇಸರ.

ತಂಗಿಯ ವಿಷಯಕ್ಕೆ ಉತ್ತರ ಬೇರೆಯೇ. ಗಣಿತ, ಕಂಪ್ಯೂಟರ್, ರಸಾಯನಶಾಸ್ತ್ರದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಕ್ರೈಸ್ತ ಸಂಸ್ಥೆಯಲ್ಲಿ ಜೀವವಿಕಾಸ ಕಲಿಸುವುದಿಲ್ಲ ಎಂದು ಕೆಲವರು ಹೇಳುವುದು ಕ್ಯಾಥೊಲಿಕ್ ಸಂಸ್ಥೆಗಳ ಮಟ್ಟಿಗೆ ಸುಳ್ಳು. ಅದು ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಪೋಪ್ ಅವರೇ ಹೇಳಿದ್ದಾರೆ, ಅನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಕ್ರೈಸ್ತ ಸಂನ್ಯಾಸಿ. ಆದರೆ ಜೀವತಂತ್ರಜ್ಞಾನದಲ್ಲಿ ನಿಜವಾದ ಬೇಲಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾನವ ಭ್ರೂಣವನ್ನು ನಾಶಮಾಡಿ ಪಡೆಯುವ ಕಾಂಡಕೋಶ, ಪ್ರನಾಳ ಶಿಶು ತಂತ್ರ, ಗರ್ಭನಿರೋಧಕ ಇವುಗಳ ವಿಷಯದಲ್ಲಿ ಕ್ಯಾಥೊಲಿಕ್ ಚರ್ಚಿನ ನಿಲುವು ಖಚಿತ, 1968, 1987 ಮತ್ತು 2008ರ ದಾಖಲೆಗಳಲ್ಲಿ ಬರೆದಿದೆ. ಅಂಥ ವಿಷಯ ಅಲ್ಲಿ ಸಿಗುವುದು ಕಷ್ಟ. ವಯಸ್ಕರ ಕಾಂಡಕೋಶಕ್ಕೂ, ಸಾಮಾನ್ಯ ಜೀವಕೋಶವನ್ನೇ ಹಿಂದಕ್ಕೆ ತಿರುಗಿಸಿ ಪಡೆಯುವ ಕಾಂಡಕೋಶಕ್ಕೂ ಆ ಆಕ್ಷೇಪವಿಲ್ಲ. ಅವಳ ಆಸಕ್ತಿ ಭ್ರೂಣಶಾಸ್ತ್ರದ್ದಾದರೆ ಬೇರೆ ವಿಶ್ವವಿದ್ಯಾಲಯ ನೋಡಲಿ. ಬೆಳೆ, ಸೂಕ್ಷ್ಮಜೀವಿ, ಕಿಣ್ವದ್ದಾದರೆ ಅಳುಕಬೇಕಿಲ್ಲ.

ನಿಮ್ಮ ಮುಂದೆ ದಾರಿ ಮೂರು. ಅಲ್ಲೇ ಸೇರಿ, ಇದೇ ವಿಷಯ ಮಾಡುವುದು: ಪತ್ರಾಗಾರಗಳ ಬಾಗಿಲು ಬೇಗ ತೆರೆಯುತ್ತದೆ, ಊರಲ್ಲಿ ಮಾತು ಬರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾಡುವುದು: ಧಾರವಾಡ ಹತ್ತಿರ, ಊರಿನ ಬಾಯಿ ಮುಚ್ಚುತ್ತದೆ, ಮಿಷನ್ ಇತಿಹಾಸ ಬಲ್ಲ ಮಾರ್ಗದರ್ಶಕರ ಬಳಿ ಸೀಟು ಖಾಲಿ ಇರಬೇಕು. ಸಹಾಯಕ ಪ್ರಾಧ್ಯಾಪಕರಿಗೆ ಒಮ್ಮೆಗೆ ನಾಲ್ಕು, ಪ್ರಾಧ್ಯಾಪಕರಿಗೆ ಎಂಟು ವಿದ್ಯಾರ್ಥಿಗಳ ಮಿತಿ ಇದೆ. ಮೂರನೆಯದು ಅಲ್ಲೇ ಸೇರಿ ವಿಷಯ ಬದಲಿಸುವುದು. ಅದನ್ನು ನಾನು ಹೇಳಲಾರೆ. ಹೆದರಿ ಬಿಟ್ಟ ವಿಷಯದ ಜಾಗಕ್ಕೆ ಬಂದ ವಿಷಯದಲ್ಲಿ ಆರು ವರ್ಷ ಆಸಕ್ತಿ ಉಳಿಯುವುದಿಲ್ಲ. ನನ್ನ ಒಲವು ಮೊದಲನೆಯ ದಾರಿಗೆ, ಒಂದು ಷರತ್ತಿನ ಮೇಲೆ: ಸಹ-ಮಾರ್ಗದರ್ಶಕರೊಬ್ಬರು ಧಾರವಾಡದವರಿರಲಿ, ಚರ್ಚಿನ ಇತಿಹಾಸಕ್ಕಿಂತ ಕೃಷಿ ಅಥವಾ ಬರಗಾಲದ ಇತಿಹಾಸ ಬಲ್ಲವರಿರಲಿ.

ಸೇರುವ ಮುಂಚೆ ಎರಡು ಕೆಲಸ. ಪಾರ್ಟ್-ಟೈಮ್ ಆದ್ದರಿಂದ ನಿಮ್ಮ ಕಾಲೇಜಿನ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಕೊಡುತ್ತೇವೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಅದರಲ್ಲಿ ಸ್ಪಷ್ಟವಿರಲಿ. ಎರಡನೆಯದು ಜರ್ಮನ್. ಮಿಷನರಿಗಳ ಕೈಬರಹದ ವರದಿಗಳು ಕುರೆಂಟ್ ಎಂಬ ಹಳೆಯ ಜರ್ಮನ್ ಬರವಣಿಗೆಯಲ್ಲಿವೆ, ಇಂದಿನ ಜರ್ಮನ್ ಕಲಿತವರಿಗೂ ಅದು ಓದಲು ಬರುವುದಿಲ್ಲ. ಮಂಗಳೂರಿನಲ್ಲಿ ಅಚ್ಚಾದ ಇಂಗ್ಲಿಷ್ ವಾರ್ಷಿಕ ವರದಿಗಳಿಂದ ಆರಂಭಿಸಬಹುದು, ಆದರೆ ಅವು ಸೋಸಿದ ಮಾತು. ಪ್ರವೇಶ ಪಡೆದ ದಿನದಿಂದ ಆರು ವರ್ಷದ ಗಡಿಯಾರ ಓಡುತ್ತದೆ. ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಿಗಬಹುದು. ಆ ಲೆಕ್ಕ ನಂಬಿ ಕೂರದೆ ಸೀಟಿನ ಪತ್ರ ಬರುವ ಮುಂಚೆಯೇ ಜರ್ಮನ್ ಅಕ್ಷರಾಭ್ಯಾಸ ಶುರು ಮಾಡಿ.